ಕಾಕಾರ ಕಿರುಬೆರಳು

ಕಾಕಾ ನಿವೃತ್ತರಾದ ಮರುದಿನದಿಂದಲೇ ಮೈಕ್ರೋಸ್ಕೋಪ್ ಮುನಿಸಿಕೊಂಡಿತು ಎಂದು ನಮ್ಮ ಸಂಸ್ಥೆಯಲ್ಲಿ ಎಲ್ಲರೂ ಹೇಳುತ್ತಾರೆ. ಕ್ಯಾಂಟೀನಿನಲ್ಲಿ ಹೇಳುತ್ತಾರೆ, ಲಿಫ್ಟಿನಲ್ಲಿ ಹೇಳುತ್ತಾರೆ. ಹೊಸಬರಿಗೆ ಸಂಸ್ಥೆ ತೋರಿಸಲು ಕರೆತಂದಾಗ ನೆಲಮಾಳಿಗೆಯ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನಾನು ಒಳಗೆ ಕೂತಿರುವಾಗಲೇ ಹೇಳುತ್ತಾರೆ. ಹನ್ನೆರಡು ವರ್ಷ ಒಂದೇ ಕೈಗೆ ಒಗ್ಗಿಕೊಂಡಿದ್ದ ಯಂತ್ರವಂತೆ. ಆ ಕೈ ಹೋಗಿ ಹೊಸ ಕೈ ಬಂದದ್ದೇ ತಡ, ಚಿತ್ರಗಳು ಸೊಟ್ಟಗಾದವಂತೆ.

ಆ ಹೊಸ ಕೈ ನನ್ನದು. ಹಾಗಾಗಿ ಈ ಕಥೆಗೆ ಉತ್ತರ ಕೊಡುವ ಸರದಿಯೂ ನನ್ನದೇ.

ಮೊದಲನೆಯದಾಗಿ, ಮುನಿಸಿಕೊಳ್ಳಲು ಯಂತ್ರವೇನು ದೀಪಾವಳಿಗೆ ಬಂದ ಹೊಸ ಅಳಿಯನೇ? ಅದನ್ನು ಬಿಡೋಣ. ಕಾಕಾ ಹೋದ ಮೇಲೆ ಚಿತ್ರಗಳು ಕೆಟ್ಟವು ಅನ್ನುವವರು ಅದರ ಜೊತೆಗೇ ಇನ್ನೊಂದು ಮಾತನ್ನು ಸದ್ದಿಲ್ಲದೆ ದಾಟಿಸಿಬಿಡುತ್ತಾರೆ: ಕಾಕಾ ಇದ್ದಾಗಿನ ಚಿತ್ರಗಳು ಸರಿಯಾಗಿದ್ದವು ಎಂಬ ಮಾತು. ಸರಿಯಾಗಿದ್ದವು ಎಂದು ಯಾರು ನೋಡಿದರು? ಯಾವುದರ ಪಕ್ಕ ಇಟ್ಟು ನೋಡಿದರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡು ನಾನು ಕಲಿತ ಪಾಠ ಒಂದಿದೆ. ಎದುರಾಳಿ ಮೇಜು ಗುದ್ದಿ ಹೇಳಿದ್ದರ ಗೋಜಿಗೆ ಹೋಗಬೇಡ, ಉಸಿರು ತೆಗೆದುಕೊಳ್ಳುವ ನೆಪದಲ್ಲಿ ದಾಟಿಸಿದ್ದನ್ನು ಹಿಡಿ. ಪಾಠ ಬಾಯಿಪಾಠವಿತ್ತು. ಆದರೂ ಈ ಒಂದನ್ನು ಹಿಡಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ನಮ್ಮ ಮೈಕ್ರೋಸ್ಕೋಪ್ ಒಂದೇ ಜೀವಕೋಶವನ್ನು ಹಲವು ಬಗೆಯಲ್ಲಿ ನೋಡುತ್ತದೆ. ಸಾದಾ ಬೆಳಕಿನಲ್ಲಿ ಕೋಶವೆಂದರೆ ನೀರಿಗೆ ಬಿದ್ದ ಗಾಜಿನ ಚೂರು. ಇದೆಯೋ ಇಲ್ಲವೋ ಎನ್ನುವಂತೆ ಇರುತ್ತದೆ. ಬೆಳಕಿನ ಹಾದಿಗೆ ಒಂದು ಉಂಗುರ ಅಡ್ಡ ಹಾಕಿದರೆ ಅದೇ ಕೋಶದ ಅಂಚು ಮೂಡಿ ಬೂದುಬಣ್ಣದ ಆಕಾರ ಕಾಣುತ್ತದೆ. ಇನ್ನೊಂದು ಬಗೆ ಬಣ್ಣದ್ದು. ಕೋಶದೊಳಗಿನ ಒಂದು ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಬಣ್ಣ, ಇನ್ನೊಂದಕ್ಕೆ ಕೆಂಪಾಗಿ ಹೊಳೆಯುವ ಬಣ್ಣ ಅಂಟಿಸಿ, ಕೋಣೆಯನ್ನು ಕತ್ತಲು ಮಾಡಿ, ಒಮ್ಮೆ ಹಸಿರನ್ನು ಮಾತ್ರ, ಒಮ್ಮೆ ಕೆಂಪನ್ನು ಮಾತ್ರ ಹಿಡಿಯುವುದು. ಆಮೇಲೆ ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟರೆ, ಹಸಿರು ಚುಕ್ಕೆಯೂ ಕೆಂಪು ಚುಕ್ಕೆಯೂ ಒಂದೇ ಕಡೆ ಬಿದ್ದಲ್ಲಿ ಹಳದಿ ಕಾಣುತ್ತದೆ. ಹಳದಿ ಕಂಡರೆ ಆ ಎರಡು ಪ್ರೋಟೀನುಗಳು ಒಂದೇ ಮನೆಯಲ್ಲಿವೆ ಎಂದು ಅರ್ಥ.

ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗಲು ಯಂತ್ರದ ಹೊಟ್ಟೆಯಲ್ಲಿ ಒಂದು ಚಕ್ರ ತಿರುಗುತ್ತದೆ. ಅದರ ಮೇಲೆ ಬಣ್ಣದ ಫಿಲ್ಟರ್ ಗಾಜುಗಳ ಸಣ್ಣ ಡಬ್ಬಿಗಳು. ಡಬ್ಬಿ ಬದಲಾದಾಗ ಎರಡು ತೊಂದರೆ ಬರಬಹುದು. ಚಿತ್ರ ಮಸುಕಾಗಬಹುದು, ಅಂದರೆ ಫೋಕಸ್ ತಪ್ಪಬಹುದು. ಅಥವಾ ಚಿತ್ರ ಇದ್ದ ಜಾಗದಿಂದ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ, ಪಕ್ಕಕ್ಕೆ ಸರಿಯಬಹುದು. ಚುಕ್ಕೆಗಳು ಅದಕ್ಕಿಂತಲೂ ಸಣ್ಣವಾದ್ದರಿಂದ ಅಷ್ಟು ಸರಿದರೆ ಸಾಕು, ಒಂದೇ ಮನೆಯವರು ಪಕ್ಕದ ಗಲ್ಲಿಯವರಾಗಿಬಿಡುತ್ತಾರೆ.

ಕಾಕಾ ರಾಯಚೂರು ಕಡೆಯವರು. ಮೆಹದಿಪಟ್ಟಣಂನಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಅವರ ಮನೆ. ನಮ್ಮ ಅಪ್ಪನಿಗೆ ಬಹಳ ವರ್ಷದ ಪರಿಚಯ. ಅವರ ಜಾಗಕ್ಕೆ ಜನ ಬೇಕಾಗಿದೆ ಎಂದು ಅಪ್ಪನಿಗೆ ಹೇಳಿದವರೂ ಅವರೇ. ನಾನು ಸೇರಿದಾಗ ಅವರ ಸೇವೆ ಎರಡು ತಿಂಗಳು ಉಳಿದಿತ್ತು. ಆ ಎರಡು ತಿಂಗಳು ಇಬ್ಬರೂ ಒಂದೇ ಬಸ್ಸಿನಲ್ಲಿ ಶಂಶಾಬಾದ್ ದಾರಿ ಹಿಡಿಯುತ್ತಿದ್ದೆವು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದರು. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ.

"ಏನವಾ ಲಾಯರಮ್ಮ, ಇವತ್ತು ಯಾರ ಮ್ಯಾಲೆ ಕೇಸು?" ಎನ್ನುವುದು ಅವರ ನಮಸ್ಕಾರ.

"ನಿಮ್ಮ ಮ್ಯಾಲೇರಿ ಕಾಕಾ. ಕರವಸ್ತ್ರಕ್ಕ ಸೀಟಿನ ಹಕ್ಕು ಯಾವ ಕಾಯ್ದೆ ಕೊಟ್ಟೈತಿ?"

"ಹಂಗಾರ ನಿಂತ್ಕೊಂಡ್ ಬಾ. ಕಾಯ್ದೆ ಓದ್ಕೋತ ಬಾ."

ಕೂರುತ್ತಿದ್ದೆ.

ಕೋಣೆಯಲ್ಲಿ ಅವರು ಬೇರೆಯೇ ಮನುಷ್ಯ. ಮಾತು ಕಡಿಮೆ. ಯಂತ್ರ ಹಚ್ಚಿ ಅರ್ಧ ಗಂಟೆ ಅದರ ಮುಂದೆ ಸುಮ್ಮನೆ ಕೂರಬೇಕು, ಅದು ಬಿಸಿಯಾಗಬೇಕು. ಏಸಿಯ ಗಾಳಿ ನೇರ ಬೀಳದಂತೆ ಒಂದು ರಟ್ಟನ್ನು ಅವರೇ ಕತ್ತರಿಸಿ ಕಟ್ಟಿದ್ದರು. ಡಬ್ಬಿ ಬದಲಾದ ಕೂಡಲೇ ಅವರ ಬಲಗೈ ಸುತ್ತ ಗೆರೆ ಕೊರೆದ ಫೋಕಸ್ ಚಕ್ರದ ಮೇಲೆ ಹೋಗುತ್ತಿತ್ತು, ಕಣ್ಣು ಪರದೆಗೆ ಹೋಗುವ ಮೊದಲೇ.

"ಹಸರಿನಿಂದ ಕೆಂಪಿಗೆ ಹ್ವಾದ್ರ ಒಂದು ಗೆರಿ ಹಿಂದ. ಉಂಗುರದ ಚಿತ್ರದಿಂದ ಹಸರಿಗೆ ಹ್ವಾದ್ರ ಎರಡು ಗೆರಿ ಮುಂದ. ಮಷಿನ್ ತಣ್ಣಗಿತ್ತಂದ್ರ ಇನ್ನೊಂದರ್ಧ."

"ಯಾರು ಹೇಳಿದ್ರಿ ಇದನ್ನ?"

"ಯಾರ್ ಹೇಳ್ತಾರವಾ? ಕೈಗೆ ಗೊತ್ತೈತಿ."

ಕೈಗೆ ಗೊತ್ತಿದೆ ಎನ್ನುವುದು ನನ್ನ ಪ್ರಕಾರ ಉತ್ತರವೇ ಅಲ್ಲ. ಅವರು ಊಟಕ್ಕೆ ಹೋದಾಗ ನಾನು ಒಂದು ವಾರ ಗೆರೆ ಎಣಿಸಿ ಬರೆದಿಟ್ಟೆ. ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು, ಯಾವುದರಿಂದ ಯಾವುದಕ್ಕೆ. ಅವರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಅರ್ಧ ಗೆರೆಯೂ ನಿಜವೇ. ಆ ಕಾಗದವನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ನನ್ನ ಜಾತಕಾ ಬರದೀಯೇನು? ಬರೋಬ್ಬರಿ ಐತಿ," ಎಂದು ಗೋಡೆಗೆ ಅಂಟಿಸಿದರು. ಈಗಲೂ ಅಲ್ಲೇ ಇದೆ.

ನನ್ನ ತಪ್ಪು ಶುರುವಾದದ್ದು ಅಲ್ಲಿ. ಒಂದು ವಿಷಯದಲ್ಲಿ ಪರೀಕ್ಷಿಸಿ ಸರಿ ಎಂದು ಕಂಡವರನ್ನು ಪಕ್ಕದ ವಿಷಯದಲ್ಲಿ ಪರೀಕ್ಷಿಸದೆ ಒಪ್ಪಿಬಿಟ್ಟೆ. ವೇದಿಕೆಯ ಮೇಲೆ ಬೇರೆಯವರು ಹೀಗೆ ಮಾಡಿದಾಗ ನಾನು ಎದ್ದು ನಿಂತು ಚಪ್ಪಾಳೆ ಗಿಟ್ಟಿಸಿದವಳು.

ಪಕ್ಕದ ವಿಷಯವೆಂದರೆ ಕಿರುಬೆರಳು. ಸ್ಲೈಡು ಇಡುವ ತಟ್ಟೆಯ ಕೆಳಗೆ ಅದನ್ನು ಆಚೀಚೆ ಸರಿಸುವ ಎರಡು ತಿರುಗಣೆಗಳು ನೇತಾಡುತ್ತವೆ. ಹಸಿರು ಚಿತ್ರ ತೆಗೆದಾದ ಮೇಲೆ ಅದು ಪರದೆಯ ಮೇಲೆ ಮಸುಕಾಗಿ ಉಳಿಯುತ್ತದೆ. ಡಬ್ಬಿ ಬದಲಿಸಿದರೆ ಅದರ ಮೇಲೆ ಕೆಂಪು ಮೂಡುತ್ತದೆ, ಸ್ವಲ್ಪ ಬಲಕ್ಕೆ, ಸ್ವಲ್ಪ ಕೆಳಕ್ಕೆ ಜಾರಿ. ಆಗ ಕಾಕಾ ತಿರುಗಣೆಯನ್ನು ತಿರುಗಿಸುತ್ತಿರಲಿಲ್ಲ. ತಿರುಗಿಸಿದರೆ ಕೋಶ ಪರದೆಯಿಂದಲೇ ಹಾರಿಹೋಗುತ್ತದೆ. ಕಿರುಬೆರಳನ್ನು ಅದರ ಪಕ್ಕ ತಂದು, ಮಲಗಿದ ಮಗುವಿನ ಕೆನ್ನೆಗೆ ಇಟ್ಟ ಹಾಗೆ ಇಟ್ಟು, ಭಾರ ಬಿಡುತ್ತಿದ್ದರು. ಕೆಂಪು ತೇಲಿಕೊಂಡು ಬಂದು ಹಸಿರಿನ ಮೇಲೆ ಕೂರುತ್ತಿತ್ತು.

"ಕೂಡ್ತು," ಎನ್ನುತ್ತಿದ್ದರು. ಕ್ಲಿಕ್.

"ಹಂಗ್ಯಾಕ ಒತ್ತತೀರಿ ಕಾಕಾ?"

"ಚಿತ್ರ ಜರಾ ಸರಕೊಂಡಿರ್ತೈತಿ. ಸೀದಾ ಮಾಡಿ ಕೊಡಬೇಕು."

"ಯಾಕ ಸರೀತೈತಿ? ಇಂಜಿನಿಯರಿಗೆ ಹೇಳಬೇಕಿತ್ತಲ್ರಿ."

"ಹೇಳಿದ್ದೆ. ಅವ ಬರೂದ್ರಾಗ ಎರಡು ಹುಡುಗರ ಪಿಎಚ್‌ಡಿ ಮುಗೀತು. ಮಕ್ಕಳು ದಿನಾ ಬಂದು ನಿಂದ್ರತಾವು, ಅವಕ್ಕ ಸೊಟ್ಟ ಚಿತ್ರ ಹೆಂಗ ಕೊಡ್ಲಿ? ಎಲಿ ಹಾಕಿ ಕೂಡಿಸಿ ಅರ್ಧಾ ಬೆಂದ ಅನ್ನಾ ಬಡಿಸಿದಂಗ ಆಗ್ತೈತಿ."

ನಾನು ನಕ್ಕೆ. ಅದು ಉಪಮೆ, ಉಪಮೆ ವಾದದ ಜಾಗದಲ್ಲಿ ಬಂದು ಕೂತರೆ ಎಬ್ಬಿಸಬೇಕು. ಎಬ್ಬಿಸಲಿಲ್ಲ. ಬದಲಿಗೆ, ನನ್ನ ಕಿರುಬೆರಳನ್ನೂ ತಿರುಗಣೆಯ ಪಕ್ಕ ಇಟ್ಟು ಕಲಿಯತೊಡಗಿದೆ. "ಇನ್ನೂ ಜರಾ... ಇನ್ನೂ... ಏ, ಹಗುರ, ಹೋಳಿಗಿ ಒತ್ತಾಕತ್ತೀಯೇನು? ಹಾಂ. ಕೂಡ್ತು, ಬಿಡು." ಆ ಎರಡು ತಿಂಗಳಲ್ಲಿ ನನ್ನ ಬೆರಳಿಗೆ ಅದು ಹತ್ತು ಸಲಕ್ಕೆ ಒಂದು ಸಲವೂ ಸಾಧಿಸಲಿಲ್ಲ.

ಕಾಕಾ ಅಂಥ ಚಿತ್ರಗಳನ್ನು ತೆಗೆದುಕೊಟ್ಟದ್ದು ಬಹಳ ಜನಕ್ಕೆ. ಎಲ್ಲರಿಗಿಂತ ಹೆಚ್ಚಾಗಿ ಒಬ್ಬಳಿಗೆ. ವರಂಗಲ್ ಕಡೆಯ ಸಂಶೋಧನಾ ವಿದ್ಯಾರ್ಥಿನಿ, ನನಗಿಂತ ಆರು ವರ್ಷ ದೊಡ್ಡವಳು, ಸಂಸ್ಥೆಯಲ್ಲಿ ಎಲ್ಲ ಕಿರಿಯರಿಗೂ ಅಕ್ಕ. ಐದು ವರ್ಷದಿಂದ ಅವಳು ಎರಡು ಪ್ರೋಟೀನುಗಳ ಹಿಂದೆ ಬಿದ್ದಿದ್ದಾಳೆ. ಅವಳ ಪ್ರಬಂಧದ ಕೊನೆಯ ಅಧ್ಯಾಯ ಹೇಳುವುದು ಇಷ್ಟು: ಅವೆರಡೂ ಕೋಶದಲ್ಲಿ ಒಂದೇ ಕಡೆ ಇರುತ್ತವೆ. ಅಧ್ಯಾಯ ನಿಂತಿರುವುದು ಹಳದಿಯ ಮೇಲೆ. ಹಳದಿ ಬಂದದ್ದು ಕಾಕಾ ತೆಗೆದ ಚಿತ್ರಗಳಲ್ಲಿ.

ಬೀಳ್ಕೊಡುಗೆಯ ದಿನ ಅಕ್ಕ ಅತ್ತಳು. ಶಾಲು, ಹಣ್ಣಿನ ಬುಟ್ಟಿ, ಸಮೋಸ ಎಲ್ಲ ಆಯಿತು. ಅಕ್ಕನ ಮಾರ್ಗದರ್ಶಕಿ, ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, ಕಾಕಾ ಈ ಸಂಸ್ಥೆಯ ಕಣ್ಣು ಎಂದರು. ಕಾಕಾ ಭಾಷಣ ಮಾಡಲಿಲ್ಲ. ಹೊರಡುವಾಗ ನನ್ನ ಬಳಿ ಬಂದು, "ಫಿಕರ್ ಮಾಡಬ್ಯಾಡ. ಕೈ ಕೂಡಿದ ಮ್ಯಾಲೆ ಎಲ್ಲಾ ಬರ್ತೈತಿ," ಎಂದರು.

ಕೈ ಕೂಡಲಿಲ್ಲ. ಮುಂದಿನ ತಿಂಗಳು ಮೇಡಂ ಅಕ್ಕನಿಗೆ ಹೇಳಿದರು: ಪ್ರಬಂಧ ಸಲ್ಲಿಸುವ ಮೊದಲು ಇದೇ ಚಿತ್ರಗಳನ್ನು ಇನ್ನೊಬ್ಬರ ಕೈಯಲ್ಲಿ ಹೊಸದಾಗಿ ತೆಗೆಸು. ಒಳ್ಳೆಯ ಪದ್ಧತಿ. ಇನ್ನೊಬ್ಬರ ಕೈ ಎಂದರೆ ನಾನು. ನನ್ನ ಬೆರಳು ಒತ್ತಿದರೆ ಕೆಂಪು ಹಸಿರನ್ನು ದಾಟಿ ಹೋಗುತ್ತಿತ್ತು, ಹಿಂದಕ್ಕೆ ತಂದರೆ ಆ ಕಡೆ ಹೋಗುತ್ತಿತ್ತು. ಬೇಸರ ಬಂದು ಒತ್ತುವುದನ್ನೇ ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ತೆಗೆದೆ. ಎಲ್ಲ ಚಿತ್ರಗಳಲ್ಲೂ ಕೆಂಪು ಬಲಕ್ಕೆ ಕೆಳಕ್ಕೆ ಜಾರಿತ್ತು. ಹಳದಿ ಎಲ್ಲೂ ಇರಲಿಲ್ಲ.

"ಏಂಟಮ್ಮಾ ಇದಿ?" ಎಂದು, ಇದೇನಮ್ಮಾ ಎಂದು, ಅಕ್ಕ ಪರದೆಯ ಮುಂದೆ ನಿಂತು ಕೇಳಿದಳು. ಅವಳು ಮಾತಾಡುವುದು ತೆಲುಗು. ನನಗೆ ನೆನಪಿರುವುದು ಮಾತ್ರ ನಮ್ಮ ಮನೆಯ ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ. "ಕಾಕಾ ಇದ್ದಾಗ ಹಿಂಗ ಆಗಿದ್ದಿಲ್ಲ."

"ಕಾಕಾ ಇದ್ದಾಗ ಎಷ್ಟೋ ಆಗಿದ್ದಿಲ್ಲ. ಅದಕ್ಕ ನಾನು ಕಾರಣ ಅಂತ ಹೆಂಗ ಹೇಳ್ತಿ?"

"ನಾ ಕಾರಣ ಕೇಳಾಕ ಬಂದಿಲ್ಲ. ಚಿತ್ರ ಕೇಳಾಕ ಬಂದೀನಿ. ತಿಂಗಳ ಕೊನೀಗೆ ನಾ ಥೀಸಿಸ್ ಕೊಡಬೇಕು."

ಆಮೇಲೆ ಸಲಹೆಗಳ ಸಂತೆ. ವಿಮಾನ ಇಳಿಯುವಾಗ ನೆಲ ನಡುಗುತ್ತದೆ ಎಂದರು ಒಬ್ಬರು. ವಿಮಾನ ನಿಲ್ದಾಣ ಕಾಕಾ ಇದ್ದಾಗಲೂ ಅಲ್ಲೇ ಇತ್ತು, ಮೇಲಾಗಿ ನಮ್ಮ ಮೇಜು ಗಾಳಿಯ ದಿಂಬಿನ ಮೇಲೆ ನಿಂತಿದೆ. ಏಸಿ ಎಂದರು ಇನ್ನೊಬ್ಬರು. ರಟ್ಟು ತೋರಿಸಿದೆ. ಕಾಕಾ ಪ್ರತಿ ದಸರೆಗೆ ಯಂತ್ರಕ್ಕೆ ಕುಂಕುಮ ಹಚ್ಚುತ್ತಿದ್ದರು, ನೀನು ಹಚ್ಚಿಲ್ಲ ಎಂದು ಅಕ್ಕನೇ ಹೇಳಿದಳು. ದಸರೆಯೇ ಇನ್ನೂ ಬಂದಿಲ್ಲ ಎಂದೆ. ಆದರೂ ಹಚ್ಚಿದೆ. ಹಚ್ಚುವ ಮೊದಲು ಹತ್ತು ಚಿತ್ರ, ಹಚ್ಚಿದ ಮೇಲೆ ಹತ್ತು ಚಿತ್ರ. ಕೆಂಪು ಇದ್ದಲ್ಲೇ ಇತ್ತು. ಎರಡೂ ಸಾಲುಗಳನ್ನು ಅಕ್ಕನ ಮುಂದೆ ಇಟ್ಟಾಗ ಅವಳು ನಗಲಿಲ್ಲ. ಆ ವಾರ ಅವಳನ್ನು ನಗಿಸಲು ಹೋಗಬಾರದಿತ್ತು.

ಉತ್ತರ ಫ್ರಿಜ್ಜಿನಲ್ಲಿ ಇತ್ತು. ಯಂತ್ರದ ಜೊತೆಗೆ ಬಂದಿದ್ದ ಸಾಮಾನುಗಳ ಪಟ್ಟಿಯಲ್ಲಿ ಪರೀಕ್ಷೆಯ ಮಣಿಗಳು ಎಂಬ ಒಂದು ಸಾಲು ಕಂಡಿತು. ಹುಡುಕಿದೆ. ಹಿಂದಿನ ಮೂಲೆಯಲ್ಲಿ ಕಿರುಬೆರಳಿನಷ್ಟು ಉದ್ದದ ಶೀಶೆ, ಮೇಲೆ ಕಾಕಾರ ಕೈಬರಹದಲ್ಲಿ ಬಂದ ದಿನಾಂಕ. ಸೀಲು ಒಡೆದಿರಲಿಲ್ಲ. ಅದರಲ್ಲಿರುವುದು ಕೋಶಕ್ಕಿಂತ ಎಷ್ಟೋ ಸಣ್ಣ ಮಣಿಗಳು. ಒಂದೊಂದು ಮಣಿಯೂ ಹಸಿರಾಗಿಯೂ ಹೊಳೆಯುತ್ತದೆ, ಕೆಂಪಾಗಿಯೂ ಹೊಳೆಯುತ್ತದೆ. ಮಣಿ ಒಂದೇ ಆದ್ದರಿಂದ ಅದರ ಹಸಿರು ಚಿತ್ರವೂ ಕೆಂಪು ಚಿತ್ರವೂ ಒಂದೇ ಜಾಗದಲ್ಲಿ ಬೀಳಲೇಬೇಕು. ಬೀಳದಿದ್ದರೆ ತಪ್ಪು ಯಂತ್ರದ್ದು.

ಒಂದು ಹನಿ ಸ್ಲೈಡಿಗೆ ಹಾಕಿ ತೆಗೆದೆ. ಬೀಳಲಿಲ್ಲ. ಎಲ್ಲ ಮಣಿಗಳ ಕೆಂಪೂ ಬಲಕ್ಕೆ ಕೆಳಕ್ಕೆ, ಒಂದೇ ದಿಕ್ಕಿಗೆ, ಒಂದೇ ಅಳತೆ. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಕೆಂಪು ಡಬ್ಬಿಯ ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿದೆ, ಅಷ್ಟೇ ವಿಷಯ. ಮುನಿಸೂ ಇಲ್ಲ, ಕೈಗುಣವೂ ಇಲ್ಲ. ಅಳತೆ ಗೊತ್ತಾದ ಮೇಲೆ ಕಂಪ್ಯೂಟರಿಗೆ ಹೇಳಿ ಪ್ರತಿಯೊಂದು ಕೆಂಪು ಚಿತ್ರವನ್ನೂ ಅಷ್ಟೇ ಹಿಂದಕ್ಕೆ ಸರಿಸಿದರೆ ಮುಗಿಯಿತು.

ಗೆದ್ದೆ ಎಂದುಕೊಂಡೆ. ಮಣಿಗಳ ಚಿತ್ರವನ್ನು ಮುದ್ರಿಸಿ ಮೇಡಂ ಮೇಜಿನ ಮೇಲೆ ಇಟ್ಟು ಬಂದೆ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟು ನಾದುತ್ತಾ, "ಛಲೋ ಆತು ಬಿಡು. ಆದ್ರ ನಿಮ್ಮ ಕಾಕಾ ಇಷ್ಟು ವರ್ಷ ಅದನ್ನ ಬೆರಳಿನಾಗ ಮಾಡಿದ್ರಲ್ಲ, ಅವರ ಕೈ ಎಂಥಾದ್ದು ನೋಡು," ಎಂದಳು. ಅವಳಿಗೆ ವಾದದ ತರಬೇತಿ ಏನೂ ಇಲ್ಲ. ನಾನು ಚಪಾತಿ ತಿನ್ನುತ್ತಿದ್ದವಳು ನಿಲ್ಲಿಸಿದೆ.

ಮರುದಿನ ಅಕ್ಕನ ಹೊಸ ಚಿತ್ರಗಳನ್ನೆಲ್ಲ ಆ ಅಳತೆಯಿಂದ ಸರಿಪಡಿಸಿದೆ. ಅಕ್ಕ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಹಳದಿ ಬಂತು. ಕೆಲವು ಕಡೆ ಮಾತ್ರ. ಉಳಿದ ಕಡೆ ಹಸಿರು ಚುಕ್ಕೆಯೂ ಕೆಂಪು ಚುಕ್ಕೆಯೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಅಪರಿಚಿತರ ಹಾಗೆ ಪಕ್ಕಪಕ್ಕ ಇದ್ದವು. ಹತ್ತಿರ, ಆದರೆ ಬೇರೆ.

"ಕಾಕಾನ ಚಿತ್ರದಾಗ ಎಲ್ಲಾ ಹಳದಿ ಇತ್ತು," ಎಂದಳು ಅಕ್ಕ.

"ಹೌದು."

"ಮತ್ತ ಇದ್ಯಾಕ ಹಿಂಗ?"

ಅಷ್ಟು ಹೊತ್ತಿಗೆ ನನಗೆ ಪ್ರಶ್ನೆ ಸಿಕ್ಕಿತ್ತು, ಹೇಳಲು ಮನಸ್ಸಿರಲಿಲ್ಲ. ಫೋಕಸ್ಸಿಗೂ ಜಾಗಕ್ಕೂ ಇರುವ ವ್ಯತ್ಯಾಸ ಅದು. ಫೋಕಸ್ ಸರಿಯಿದೆಯೇ ಎಂದು ತಿಳಿಯಲು ಕೆಂಪು ಚಿತ್ರವೊಂದನ್ನೇ ನೋಡಿದರೆ ಸಾಕು, ಅಂಚು ಚೂಪಾಗಿದ್ದರೆ ಸರಿ. ಸಾಕ್ಷಿ ಚಿತ್ರದೊಳಗೇ ಇದೆ. ಅದಕ್ಕೇ ಕಾಕಾರ ಗೆರೆಗಳು ನನ್ನ ಪರೀಕ್ಷೆಯಲ್ಲಿ ಗೆದ್ದವು. ಕೆಂಪು ಎಲ್ಲಿರಬೇಕು ಎಂಬುದನ್ನು ಕೆಂಪು ಚಿತ್ರ ಹೇಳುವುದಿಲ್ಲ. ಹಸಿರಿನ ಮೇಲೆ ಕೂರುವ ತನಕ ಕೆಂಪನ್ನು ತಳ್ಳಿ, ಆಮೇಲೆ ನೋಡಿ, ಕೆಂಪು ಹಸಿರಿನ ಮೇಲೇ ಇದೆ ಎಂದರೆ, ತೀರ್ಪನ್ನು ಬರೆದಿಟ್ಟು ಸಾಕ್ಷಿಯನ್ನು ಕರೆಸಿದ ಹಾಗಾಯಿತು.

ಆದರೆ ಕಾಕಾ ಹಾಗೆಯೇ ಮಾಡುತ್ತಿದ್ದರು ಎಂದು ನಾನು ಹೇಳಲಾರೆ. ಹನ್ನೆರಡು ವರ್ಷ ಒಂದೇ ಡಬ್ಬಿ, ಒಂದೇ ಓರೆ. ಅವರ ಬೆರಳಿಗೆ ಆ ಅಳತೆ ಗೆರೆಗಳ ಹಾಗೆಯೇ ಬಾಯಿಪಾಠವಾಗಿರಬಹುದು. ಎಷ್ಟೋ ಸಲ ಅವರು ನನ್ನ ಕಡೆ ತಿರುಗಿ ಏನೋ ಹೇಳುತ್ತಲೇ ಒತ್ತಿ, ಪರದೆ ನೋಡದೆಯೇ "ಕೂಡ್ತು" ಅಂದದ್ದು ನನಗೆ ನೆನಪಿದೆ. ಎಷ್ಟೋ ಸಲ ಮೂಗು ಪರದೆಗೆ ತಾಗುವಷ್ಟು ಬಾಗಿ ಅಂದದ್ದೂ ನೆನಪಿದೆ. ಬೆರಳಿನ ಅಳತೆಯಿಂದ ನಿಲ್ಲಿಸುತ್ತಿದ್ದರೆ ಅಕ್ಕನ ಹಳೆಯ ಚಿತ್ರಗಳು ಸರಿ, ತಪ್ಪನ್ನು ಅವಳ ಹೊಸ ಕೋಶಗಳಲ್ಲಿ ಹುಡುಕಬೇಕು. ಕಣ್ಣಿಗೆ ಹಳದಿ ಕಂಡಾಗ ನಿಲ್ಲಿಸುತ್ತಿದ್ದರೆ ಅಧ್ಯಾಯವೇ ಇಲ್ಲ.

ಹಳೆಯ ಚಿತ್ರಗಳಲ್ಲೇ ಉತ್ತರ ಸಿಗುತ್ತದೆಯೇ ಎಂದು ಇಬ್ಬರೂ ಕೂತು ಹುಡುಕಿದೆವು. ಎರಡು ಚಿತ್ರಗಳಲ್ಲಿ ಮಾತ್ರ ಸ್ಲೈಡಿನ ಮೇಲೆ ಬಟ್ಟೆಯ ನೂಲಿನ ಎಳೆ ಬಿದ್ದಿತ್ತು. ನೂಲು ಎಲ್ಲ ಬಣ್ಣದಲ್ಲೂ ಸ್ವಲ್ಪ ಹೊಳೆಯುತ್ತದೆ; ಮಣಿಯ ಕೆಲಸವನ್ನು ಅದೂ ಮಾಡುತ್ತದೆ. ಒಂದು ಚಿತ್ರದಲ್ಲಿ ನೂಲಿನ ಹಸಿರೂ ಕೆಂಪೂ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ಇನ್ನೊಂದರಲ್ಲಿ ಚುಕ್ಕೆಗಳು ಹಳದಿ, ನೂಲು ಮಾತ್ರ ಎರಡಾಗಿ ಒಡೆದಿತ್ತು. ಒಂದಕ್ಕೆ ಒಂದು. ಚರ್ಚೆಯಲ್ಲಾಗಿದ್ದರೆ ಇದನ್ನು ಸಮ ಎನ್ನುತ್ತಾರೆ.

ಮೇಡಂ ಎಲ್ಲ ಕೇಳಿ, ಸಿಟ್ಟಾಗದೆ ಹೇಳಿದ್ದು ಇಷ್ಟು: ಅವರನ್ನೇ ಕೇಳಿ. ಒಂದೇ ಅಳತೆ ಎಂದರೆ, ಅದನ್ನು ಅವರ ಕೈಯಲ್ಲೇ, ಪರದೆ ಮುಚ್ಚಿ, ಮಣಿಗಳ ಮೇಲೆ ಮಾಡಿಸಿ ನೋಡಿ ಅಧ್ಯಾಯ ಇಡೋಣ. ಕಣ್ಣಳತೆ ಎಂದರೆ ತೆಗೆಯೋಣ. ತೆಗೆದರೆ ಅಕ್ಕನಿಗೆ ಕನಿಷ್ಠ ಇನ್ನೊಂದು ವರ್ಷ.

"ನೀನೂ ಬಾ," ಎಂದೆ ಅಕ್ಕನಿಗೆ.

"ನಾ ಬರಂಗಿಲ್ಲ. ನನ್ನ ಮಾರಿ ನೋಡಿದ್ರ ಅವರು ನನ್ನ ಸಲುವಾಗಿ ಸುಳ್ಳ ಹೇಳ್ತಾರ. ನೀನೂ ಹಂಗ ಕೇಳಬ್ಯಾಡ. ಯಾವ ಉತ್ತರ ನನಗ ಬೇಕಾಗೇತಿ ಅಂತ ಅವರಿಗೆ ಗೊತ್ತಾಗಬಾರದು."

"ಗೊತ್ತಾಗಲಿ ಬಿಡು ಅಂತ ಅನಸೂದಿಲ್ಲೇನು ನಿನಗ?"

"ಅನಸ್ತೈತಿ. ಅದಕ್ಕ ಬರಂಗಿಲ್ಲ ಅನ್ನಾಕತ್ತೀನಿ."

ಭಾನುವಾರ ಮಧ್ಯಾಹ್ನ ಒಬ್ಬಳೇ ಹೋದೆ. ಎರಡು ಗಲ್ಲಿಯ ದಾರಿಯಲ್ಲಿ ಪ್ರಶ್ನೆಯನ್ನು ನಾಲ್ಕು ರೀತಿ ಜೋಡಿಸಿದೆ. "ಒಂದೇ ಅಳತೆ ಒತ್ತುತ್ತಿದ್ದಿರಲ್ಲವೇ" ಎಂದರೆ ಹೌದು ಎನ್ನುತ್ತಾರೆ. "ನೋಡಿಕೊಂಡು ಒತ್ತುತ್ತಿದ್ದಿರೇ" ಎಂದರೆ, ನೋಡದೆ ಯಾರಾದರೂ ಕೆಲಸ ಮಾಡುತ್ತಾರೆಯೇ ಎಂದು ಅದಕ್ಕೂ ಹೌದು ಎನ್ನುತ್ತಾರೆ. ಎದುರಾಳಿಯ ಬಾಯಿಗೆ ಉತ್ತರ ಇಡುವ ಪ್ರಶ್ನೆ ಕೇಳಲು ನನಗೆ ಚೆನ್ನಾಗಿ ಬರುತ್ತದೆ. ಇಡದ ಪ್ರಶ್ನೆ ಕೇಳಿ ಅಭ್ಯಾಸವಿಲ್ಲ.

"ಬಾ ಲಾಯರಮ್ಮ, ಬಾ! ಮಷಿನ್ ಏನಂತೈತಿ? ನನ್ನ ನೆನಸ್ತೈತೋ ಇಲ್ಲೋ?"

"ದಿನಾ ನೆನಸ್ತೈತ್ರಿ. ಕ್ಯಾಂಟೀನಿನಾಗ ಅಂತೂ ಭಾಳ ನೆನಸ್ತಾರ."

ಕಾಕಿ ಒಗ್ಗರಣೆ ಹಾಕಿದ ಚುರುಮುರಿ ತಂದಿಟ್ಟರು. ಕಾಕಾ ಸ್ವಲ್ಪ ಇಳಿದಿದ್ದರು. ಆ ದಿನ ಹೊದಿಸಿದ ಶಾಲು ಕುರ್ಚಿಯ ಬೆನ್ನಿಗಿತ್ತು. "ಆ ಹುಡುಗಿ ಥೀಸಿಸ್ ಕೊಟ್ಲೇನು? ಭಾಳ ಕಷ್ಟಪಟ್ಟೈತಿ ಅದು," ಎಂದರು. ಇನ್ನೂ ಇಲ್ಲ ಎಂದೆ. ಅವರು ನನ್ನ ಮುಖ ನೋಡಿದರು.

"ನಿನ್ನ ಕೈ ಕೂಡ್ಲಿಲ್ಲ, ಹೌದಿಲ್ಲೋ? ಅದಕ್ಕ ಬಂದೀ. ನಾಚಿಕಿ ಯಾಕ? ನನಗೂ ಎರಡು ವರ್ಷ ಹಿಡದಿತ್ತು."

ಸ್ಟೀಲಿನ ಲೋಟದಲ್ಲಿ ಅಂಚಿನ ತನಕ ನೀರು ತುಂಬಿ ಮೇಜಿನ ಮೇಲೆ ಇಟ್ಟರು. ಕಿರುಬೆರಳನ್ನು ಲೋಟದ ಪಕ್ಕ ತಂದು ಭಾರ ಬಿಟ್ಟರು. ಲೋಟ ಸರಿಯಿತೋ ಇಲ್ಲವೋ ನನಗೆ ಕಾಣಲಿಲ್ಲ. ನೀರಿನ ಮೇಲೆ ಮಾತ್ರ ಒಂದು ಸಣ್ಣ ನಡುಕ ಓಡಿ ನಿಂತಿತು.

"ಇಷ್ಟ," ಎಂದರು.

ಮತ್ತೊಮ್ಮೆ ಮಾಡಿದರು. ಈ ಸಲ ನನ್ನನ್ನು ನೋಡುತ್ತಾ, ನಗುತ್ತಾ. "ಇಷ್ಟ. ತಿಳೀತೇನು?"

ಮೊದಲ ಸಲವೂ ಎರಡನೆಯ ಸಲವೂ ಒಂದೇ ಆಗಿತ್ತೇ? ನಾನು ಲೋಟವನ್ನೇ ನೋಡುತ್ತಿದ್ದೆ, ಆದರೂ ಹೇಳಲಾರೆ. ಜೋಡಿಸಿಕೊಂಡು ಬಂದಿದ್ದ ನಾಲ್ಕು ಪ್ರಶ್ನೆಗಳೂ ಮರೆತುಹೋದವು. ಅವರ ಬೆರಳು ಇನ್ನೂ ಲೋಟದ ಪಕ್ಕದಲ್ಲೇ ಇತ್ತು.

"ಕಾಕಾ," ಎಂದೆ, "ಕೆಂಪು ಸರಿಸುವಾಗ ಬೆರಳು ಎಲ್ಲಿ ನಿಲ್ಲಿಸಬೇಕು ಅಂತ ನಿಮಗ ಹೆಂಗ ಗೊತ್ತಾಗ್ತಿತ್ತು?"